ಬೇಡದ ಕಡೆ ಮಹಾಪ್ರಾಣ

‘ಅಭಿನಂಧನೆಗಳು ಬಳಕೆದಾರ!’
ಎಂದಿತು ಫೋನು, ಬೆಳಗ್ಗೆ ಆರೂವರೆಗೆ.
ನಂದನೆಗೆ ಮಹಾಪ್ರಾಣ ಯಾಕಯ್ಯ?
ಮೂವತ್ತೊಂದು ವರ್ಷ ಕರಡು ತಿದ್ದಿದ ಕೈ
ಹಾಸಿಗೆಯಲ್ಲೇ ಕೆಂಪು ಪೆನ್ನು ಹುಡುಕಿತು.

ತಂಗಿ ಮಗಳು ಇಂಚರ ಹಾಕಿಕೊಟ್ಟ ಆ್ಯಪು.
ದಿನಕ್ಕೆ ಎಷ್ಟು? ಆರು. ಒಂದಕ್ಕೆ? ಹದಿನೆಂಟು.
ಬಿಡುವ ಕಾರಣ? ಆರೋಗ್ಯ, ಕುಟುಂಬ, ಹಣ, ಇತರೆ.
ಇತರೆ ಒತ್ತಿದೆ.

ಇತರೆ ಅಂದರೆ ಇದು:
ಸುಲ್ತಾನ್‌ಪೇಟೆಯ ಪ್ರೆಸ್ಸಿನ ಮೂರನೇ ಮಹಡಿಯಲ್ಲಿ
ಮೂಲಪ್ರತಿ ನಾನು ಗಟ್ಟಿಯಾಗಿ ಓದುತ್ತೇನೆ,
ಎದುರಿಗೆ ಫಿಲೋಮಿನಾ ಕರಡು ಹಿಡಿದು ಗುರುತು ಹಾಕುತ್ತಾಳೆ.
ನಾನು ಕೆಮ್ಮಿದಲ್ಲೆಲ್ಲ ಅವಳು ಅಲ್ಪವಿರಾಮ ಇಟ್ಟಳು,
ಪಾಪ, ವಿರಾಮವೆಂದೇ ತಿಳಿದು.
ಉಸಿರು ಸಾಲದ ಕಡೆ ಧ ಹೋಗಿ ದ ಆಯಿತು.
ಹೀಗೆ ಪತ್ತಿನ ಸಂಘದ ವಾರ್ಷಿಕ ವರದಿಯಲ್ಲಿ
‘ಸರ್ಕಾರದಿಂದ ಬಂದ ಸಹಾಯದನ’
ಎರಡು ಸಾವಿರ ಪ್ರತಿಗಳಲ್ಲಿ ಮೇಯುತ್ತಾ ಹೋಯಿತು.
ಸಂಘದವರು ನಕ್ಕರು. ಮಾಲೀಕರು ನಗಲಿಲ್ಲ.
ಫಿಲೋಮಿನಾ ಏನೂ ಹೇಳದೆ
ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಹಾಕಿದಳು.

ನಾಲ್ಕು ಗಂಟೆಗೆ ಫೋನು ನಡುಗುತ್ತದೆ, ನನಗಿಂತ ಮುಂಚೆ.
‘ನಿಮ್ಮ ಕಡುಬಯಕೆಯನ್ನು ಸವಾರಿ ಮಾಡಿರಿ.’
ಇದು ಬಯಕೆಯೋ, ಬಾಡಿಗೆ ಬೈಕೋ?
‘ಆಳವಾದ ಉಸಿರು ತೆಗೆದುಕೊಳ್ಳಲ್ಪಡಲಿ.’
ಯಾರಿಂದ, ಸ್ವಾಮಿ?
ಹಳೇ ಕರಡಿನ ಬೆನ್ನಿಗೆ ಬರೆದು ತಿದ್ದುತ್ತೇನೆ:
ಬಯಕೆ ಬಂತೇ? ತಡಿ. ಉಸಿರೆಳೆದುಕೋ. ಹೋಗುತ್ತದೆ.
ತಿದ್ದಿ ಮುಗಿಸುವ ಹೊತ್ತಿಗೆ ನಾಲ್ಕು ಹತ್ತು.
ಹೋಗಿರುತ್ತದೆ.
ಕೆಟ್ಟ ಕನ್ನಡವೂ ಒಮ್ಮೊಮ್ಮೆ ಉಪಕಾರಕ್ಕೆ ಬರುತ್ತದೆ.

ಇಪ್ಪತ್ಮೂರು ದಿನ.
ಉಳಿತಾಯ ಎರಡು ಸಾವಿರದ ನಾನೂರ ಎಂಬತ್ನಾಲ್ಕು.
ಆ ದುಡ್ಡು ಎಲ್ಲಿದೆ ಅಂತ ಆ್ಯಪಿಗೂ ಗೊತ್ತಿಲ್ಲ, ನನಗೂ.

ಅವತ್ತು ಕರೆಂಟು ಹೋಯಿತು. ಯಂತ್ರ ನಿಂತ ಕೂಡಲೇ
ಕಟ್ಟಡಕ್ಕೆಲ್ಲ ಒಂದು ಥರ ಕಿವುಡು.
ಕೆಳಗೆ, ಅಕ್ಕಿಪೇಟೆ ತಿರುವಿನಲ್ಲಿ, ದಾಸೇಗೌಡರ ಪೆಟ್ಟಿಗೆ ಅಂಗಡಿ,
ಕಂಬಕ್ಕೆ ಕಟ್ಟಿದ ಹಗ್ಗದ ತುದಿಯಲ್ಲಿ ಅದೇ ಕೆಂಡ.
‘ಎಲ್ಲೋಗಿದ್ರಿ ಸಾರ್, ಊರಲ್ಲಿರ್ಲಿಲ್ವಾ?’
ಆ್ಯಪಿಗೆ ಈ ಥರ ಕೇಳಲು ಬರುವುದಿಲ್ಲ.
ಮುಕ್ಕಾಲು ಸೇದಿದೆ. ಸುಳ್ಳು ಯಾಕೆ, ಚೆನ್ನಾಗಿತ್ತು.

ಮೆಟ್ಟಿಲ ಮೇಲೆ ಕೂತು ‘ಜಾರಿದೆನು’ ಗುಂಡಿ ಒತ್ತಿದೆ,
ವ್ಯಾಕರಣ ಸರಿಯಿದ್ದ ಒಂದೇ ಒಂದು ಗುಂಡಿ.
ಇಪ್ಪತ್ಮೂರು ಅಳಿಸಿ ಪರದೆಯ ತುಂಬ ಸೊನ್ನೆ.

ಸೊನ್ನೆಯನ್ನು ಒಂಟಿಯಾಗಿ ಓದಲು ಬರುವುದಿಲ್ಲ ನಮ್ಮಲ್ಲಿ.
ಹಿಂದೊಂದು ಅಕ್ಷರ ಇರಬೇಕು,
ಆಗ ಮೂಗಿನಿಂದಾದರೂ ದನಿ ಬರುತ್ತದೆ.
ಹಿಂದೆ ಇತ್ತಲ್ಲ? ಅದನ್ನು ಹೊಡೆದದ್ದು ಯಾರು?
ಹೊಡೆದು ಹಾಕಿದ ಪದ ಇರಲಿ ಅನ್ನಿಸಿದರೆ
ಅದರ ಅಡಿಗೆ ಸಾಲಾಗಿ ಚುಕ್ಕೆ ಇಡುವುದು
ನಮ್ಮ ಕಸುಬಿನ ಪದ್ಧತಿ.
ಮೇಲೆ ಹತ್ತಿ ಬಂದು ಗೋಡೆಯ ಕ್ಯಾಲೆಂಡರಿನಲ್ಲಿ
ಇಪ್ಪತ್ಮೂರು ತಾರೀಖುಗಳ ಅಡಿಗೆ
ಕೆಂಪು ಶಾಯಿಯಲ್ಲಿ ಚುಕ್ಕೆ ಇಟ್ಟೆ.

ಕರೆಂಟು ಬಂತು. ಫಿಲೋಮಿನಾ ಮೂಗರಳಿಸಿದಳು, ಕೇಳಲಿಲ್ಲ.
ಓದಲು ಶುರು ಮಾಡಿದೆ, ಯಾರದೋ ಗೃಹಪ್ರವೇಶದ ಕರೆಯೋಲೆ.
ಎರಡನೇ ಸಾಲಿಗೆ ಪೆನ್ನೆತ್ತಿ ತಡೆದಳು:
‘ಇದು ಅಲ್ಪವಿರಾಮವೋ, ಕೆಮ್ಮೋ?’

ಕೆಮ್ಮು, ಅಂದೆ.
ಪೆನ್ನು ಕೆಳಗಿಟ್ಟು, ಅದು ಮುಗಿಯುವ ತನಕ ಕಾದಳು.