ಬೆಸುಗೆಯವಳ ಲೆಕ್ಕ

ಇಪ್ಪತ್ತಾರು ವರ್ಷ ಗ್ದೀನ್ಯಾ ಹಡಗುಕಟ್ಟೆಯಲ್ಲಿ
ಉಕ್ಕಿಗೆ ಉಕ್ಕು ಬೆಸೆದವಳು ನಾನು.
ನನಗೆ ಬೆಂಕಿಯ ಪಾಠ ಹೇಳಲು ಕೂತಿದ್ದಾನೆ
ಡಾಕ್ಟರ್ ಹಿಂತ್ಸ್, ಮೂವತ್ತನಾಲ್ಕರ ಹುಡುಗ.
ಕಾಗದದ ಮೇಲೆ ನನ್ನ ಲಿವರ್ ಬರೆದು
(ಯಾರೋ ಮೇಲೆ ಕೂತೆದ್ದ ಟೋಪಿಯ ಹಾಗಿದೆ ಅದು)
ಮೂರು ಚುಕ್ಕೆ ಇಡುತ್ತಾನೆ,
ಒಂದೊಂದರ ಸುತ್ತ ಬಳೆ ಎಳೆಯುತ್ತಾನೆ.

"ಸೂಜಿಯ ತುದಿಯಲ್ಲಿ ಮೈಕ್ರೋವೇವ್. ಎಂಟೆಂಟು ನಿಮಿಷ.
ಗಡ್ಡೆಯಾಚೆಗೂ ಐದು ಮಿಲಿಮೀಟರ್ ಸುಡುತ್ತೇವೆ, ಕಾವಲಿಗೆ."
ಕಾವಲಿಗೆ ಐದು!
ಮೂರಕ್ಕೇ ಬೈಸಿಕೊಂಡವಳು ನಾನು,
ಪ್ಲೇಟು ಸೊಟ್ಟಗಾಯಿತೆಂದು.

ಎಡಮೊಲೆ ಹೋಗಿ ಆರು ವರ್ಷ.
ಕೆರೆದು, ಉಜ್ಜಿ, ಬಣ್ಣ ಬಳಿದ ಮೇಲೂ
ತುಕ್ಕು ಬೇರೆ ಕಡೆ ಬಾಯಿ ಬಿಟ್ಟಿದೆ.
ವಾಸಿಯಾಗುತ್ತದೆಯೇ ಎಂದು ನಾನು ಕೇಳಲಿಲ್ಲ,
ಆ ಮಾತು ಅವನ ಬಾಯಲ್ಲೂ ಬರಲಿಲ್ಲ.
"ಸಮಯ ಸಿಗುತ್ತದೆ" ಎಂದ.
ಸಮಯವಾದರೆ ನನಗೆ ಗೊತ್ತು:
ಗೇಟಿನ ಯಂತ್ರಕ್ಕೆ ಚೀಟಿ ತೂರಿಸಿ
ದಿನಾ ಬೆಳಿಗ್ಗೆ ಆರಕ್ಕೆ ಮಾರುತ್ತಿದ್ದೆ.

ಅರೆನಿದ್ದೆಯ ಮದ್ದು. ಬಲಗೈ ತಲೆಯ ಮೇಲೆ,
ಶರಣಾದವಳ ಹಾಗೆ.
"ಉಸಿರು ಹಿಡಿಯಿರಿ, ಬೊಗುಮಿವಾ."
ಹಿಡಿದೆ.
ಪಕ್ಕೆಲುಬಿನ ಸಂದಿಯಲ್ಲಿ ಏನೋ ನಡೆದು ಹೋಯಿತು,
ಗುರುತಿನವರಂತೆ, ಕದ ತಟ್ಟದೆ.
"ಬಿಡಿ."
ಟ್ಯಾಂಕಿನ ಹೊಟ್ಟೆಯೊಳಗೆ ನಾನು ಬೆಸೆಯುತ್ತಿದ್ದರೆ
ಹೊರಗಿನಿಂದ ಜೆನೊನ್ ಹೀಗೇ ಕೂಗುತ್ತಿದ್ದ
ಐದು ನಿಮಿಷಕ್ಕೊಮ್ಮೆ: ಬದುಕಿದ್ದೀಯೇನೇ?
ಬದುಕಿದ್ದೀನೋ, ಎಂದೆ.
ನರ್ಸ್ ನಕ್ಕದ್ದು ಕೇಳಿಸಿತು.

ಸುಟ್ಟದ್ದು ಲಿವರ್, ಉರಿದದ್ದು ಬಲಭುಜ.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ರಾತ್ರಿ ಜ್ವರವೂ ಬಂತು, ಎಮ್ಮೆಗೇ.
ಪಕ್ಕದ ಹಾಸಿಗೆಯ ಫೆಲಿತ್ಸ್ಯಾಗೆ ಸೊಂಟದ ಎಲುಬಿನಲ್ಲಿ,
ಅವಳನ್ನು ಸುಡಲಿಲ್ಲ, ಹೆಪ್ಪುಗಟ್ಟಿಸಿದರು.
"ನಿನಗೆ ಒಲೆ, ನನಗೆ ಫ್ರಿಜ್ಜು" ಎನ್ನುತ್ತ
ದಿಂಬಿನಡಿಯಿಂದ ಡಬ್ಬಿ ತೆಗೆದಳು,
ಉಪ್ಪುನೀರಲ್ಲಿ ಹುಳಿತ ಎಳೆಸೌತೆ.
ಮೂರು ಗಂಟೆಯ ಕತ್ತಲಲ್ಲಿ ಇಬ್ಬರೂ ಮೆದ್ದೆವು
ಕರಕರ, ಕಳ್ಳರ ಹಾಗೆ.
ಅವಳ ಫೋನ್ ನಂಬರು ಬರೆದಿಟ್ಟುಕೊಂಡೆ.
ಇನ್ನೂ ಮಾಡಿಲ್ಲ.
ಯಾರು ಎತ್ತುತ್ತಾರೋ ಎಂಬ ಭಯ.

ಮೂರು ತಿಂಗಳ ಮೇಲೆ ಸ್ಕ್ಯಾನು.
ಎರಡು ಚುಕ್ಕೆ ಕಪ್ಪುಕುಳಿ. ಸತ್ತಿವೆ.
ಮೂರನೆಯದರ ಅಂಚಿಗೆ, ದೊಡ್ಡ ರಕ್ತನಾಳದ ಮಗ್ಗುಲಿಗೆ,
ಕತ್ತರಿಸಿದ ಉಗುರಿನಷ್ಟು ಬೆಳಕು.
ಹಿಂತ್ಸ್ ವಿವರಿಸಲು ಬಾಯಿ ತೆರೆದ, ನಾನೇ ಹೇಳಿದೆ:
ಹರಿಯುವ ನೆತ್ತರು ಕಾವನ್ನು ಹೊತ್ತೊಯ್ದಿದೆ.
ದಪ್ಪ ಉಕ್ಕಿನ ಪಕ್ಕ ಶಾಖ ನಿಲ್ಲುವುದಿಲ್ಲ, ಬೆಸುಗೆ ಕೂರುವುದಿಲ್ಲ,
ನಮ್ಮಲ್ಲಿ ಮೊದಲ ವಾರವೇ ಕಲಿಸುತ್ತಾರೆ.

ಅವನು ಪೆನ್ನು ಕೆಳಗಿಟ್ಟ.
"ಆಗ ಏನು ಮಾಡುತ್ತಿದ್ದಿರಿ?"
ಇನ್ನೊಂದು ಮಗ್ಗುಲಿಂದ ಮತ್ತೆ ಹಾಕುತ್ತಿದ್ದೆವು.
"ನಿಲ್ಲುತ್ತಿತ್ತೆ?"
ಹಡಗು ಹೋಗಿಬಿಡುತ್ತಿತ್ತು, ಡಾಕ್ಟರೇ.
ನಮಗೆ ಸುದ್ದಿ ಬರುತ್ತಿರಲಿಲ್ಲ.

ಎರಡನೆಯ ಸಲಕ್ಕೆ ಫೆಬ್ರವರಿ ಹದಿಮೂರು.
ಮನೆಗೆ ಮರಳುವ ಲೋಕಲ್ ರೈಲಿನಲ್ಲಿ
ಸೋಪೊತ್ ದಾಟಿದ್ದೇ ಗಡಿಯಾರ ನೋಡಿ ಎಣಿಸಿದೆ,
ಸುಮ್ಮನೆ, ಎಂಟು ನಿಮಿಷ ಅಂದರೆ ಎಷ್ಟು ಎಂದು.
ಒದ್ದೆ ಫುಟ್‌ಬಾಲ್ ಮೈದಾನ. ಬಾಲ್ಕನಿಯಲ್ಲಿ ಮರೆತ ದುಪ್ಪಟಿ.
ನಾಯಿಯೊಡನೆ ಜಗಳವಾಡುತ್ತಿದ್ದ ಮುದುಕ,
ನಾಯಿಯದೇ ಸರಿ ಅನ್ನಿಸಿತು.
ಮರಗಳ ನಡುವೆ ಒಂದೇ ಎಳೆ ಸಮುದ್ರ, ಬೂದಿಬಣ್ಣ.
ಎದುರಿನ ಹುಡುಗ ಚಿಪ್ಸ್ ಮುಗಿಸಿ
ಪೊಟ್ಟಣದ ತಳಕ್ಕೆ ನಾಲಿಗೆ ಹಾಕುತ್ತಿದ್ದ.

ಅಷ್ಟರಲ್ಲಿ ನಾನು ಇಳಿಯುವ ಸ್ಟೇಷನ್ ಹಿಂದೆ ಉಳಿದಿತ್ತು.