ಮೂರಕ್ಕೂ ನಾಲ್ಕಕ್ಕೂ ನಡುವೆ

ಮೊದಮೊದಲು ಸ್ಮಾಲು, ಮೀಡಿಯಮ್ಮು ಸಾಕಾಗುತ್ತಿತ್ತು.
ಈಗ ಡಬಲ್ ಎಕ್ಸೆಲ್ ತರಿಸುತ್ತೇನೆ, ಕಪ್ಪು,
ಎದೆಯ ಮೇಲೆ ಅದೇ ಒದೆಯುವ ಹೇಸರಗತ್ತೆ.
ಮೂವತ್ತೆಂಟು ವರ್ಷ ಈ ಮಡಚುವ ಮೇಜಿನ ಹಿಂದೆ ಕೂತು
ಊರೂರ ಹೊಟ್ಟೆ ಬೆಳೆದದ್ದನ್ನು ಇಂಚಿಂಚಾಗಿ ಬಲ್ಲವಳು ನಾನು,
ವರ್ನಾ. ಡ್ರಮ್ ಬಡಿಯುವವನ ಹೆಂಡತಿ.

ಬೋರಾಕ್ಸ್ ಮ್ಯೂಲ್ಸ್ ಅಂದರೆ ಬಾರ್‌ಸ್ಟೋದಲ್ಲಿ
ಒಂದು ಕಾಲಕ್ಕೆ ಪೊಲೀಸರಿಗೂ ಬಾಯಿಪಾಠ.
ಗಣಿಯಿಂದ ಬಂದ ಅಜ್ಜಂದಿರು ಜಗಲಿಯಲ್ಲಿ ಎಳೆದೆಳೆದು ಹಾಡಿದ್ದನ್ನು
ಮೊಮ್ಮಕ್ಕಳು ಮೂರು ಪಟ್ಟು ವೇಗದಲ್ಲಿ
ಬಿಯರ್ ಬಾಟಲಿ ತಪ್ಪಿಸಿಕೊಳ್ಳುತ್ತ ಹಾಡಿದರು.
ಅಷ್ಟೇ ಅವರ ಸಿದ್ಧಾಂತ.
ಇದು ನಿಮ್ಮ ಬೇರು, ಅಂದ ಯಾವನೋ ಪತ್ರಿಕೆಯವನು.
ವೆಂಡೆಲ್ ನಕ್ಕ: ಬೇರಲ್ಲಪ್ಪ, ಸಾಲ.
ತೀರಿಸುವ ಮನಸ್ಸಿಲ್ಲದ್ದು.

ಹನ್ನೊಂದು ವರ್ಷದ ಮೇಲೆ ಈಗೊಂದು ಹೊಸ ಆಲ್ಬಮ್.
ಮುಚ್ಚಿಹೋದ ಟೈರ್ ಅಂಗಡಿಯಲ್ಲಿ, ಆರೇ ದಿನ.
ಗೋಡೆ ಇನ್ನೂ ರಬ್ಬರ್ ನಾರುತ್ತಿತ್ತು.
ರೊಸಾಲ್ವಾಳ ಗಂಟಲು ಮೇಲಿನ ಸ್ವರಕ್ಕೆ ಏರಲೊಲ್ಲದು;
ತಂತಿಗಳನ್ನೆಲ್ಲ ಒಂದು ಮೆಟ್ಟಿಲು ಇಳಿಸಿದರು.
ಇಳಿದು ನೋಡಿದರೆ ಅಲ್ಲೊಂದು ನೆಲಮಾಳಿಗೆ.
ಅಲ್ಲಿ ಅವಳ ತಾಯಿಯ ದನಿ ಕೂತಿತ್ತು,
ಕೆಂಡದ ಮೇಲೆ ಮೆಣಸಿನಕಾಯಿ ಸುಡುತ್ತ.

ಸರಕಿನ ರೈಲು ಎರಡೂ ನಲವತ್ತಕ್ಕೆ ಬಂದು
ಒಳ್ಳೆಯ ಟೇಕೊಂದನ್ನು ಹಾಳುಮಾಡಿತು.
ನೂರಾಹನ್ನೆರಡು ಬೋಗಿ. ಬಾಗಿಲಲ್ಲಿ ನಿಂತು ನಾನೇ ಎಣಿಸಿದೆ.
ಇನ್ನೊಂದು ಸಲ ನುಡಿಸಿ, ಅಂದ ರೆಕಾರ್ಡಿಂಗ್ ಹುಡುಗ ಕೋಲ್ಬಿ.
ಅದೂ ನಮ್ಮ ಪೈಕಿಯೇ, ಇರಲಿ ಬಿಡು, ಅಂದಳು ರೊಸಾಲ್ವಾ.
ಬೇಕಾದರೆ ಕೇಳಿ ನೋಡಿ, ನಾಲ್ಕನೆಯ ಹಾಡು:
ವೆಂಡೆಲ್‌ನ ಗಿಟಾರ್ ತೆಪ್ಪಗಾದಲ್ಲಿ
ಕಬ್ಬಿಣ ತಾನೇ ಪಲ್ಲವಿ ಹಿಡಿಯುತ್ತದೆ.

ಹಿಂದುಗಡೆ ಲಾನಿ. ನನ್ನವನು.
ಬಡಿಯುವ ಮುಂಚೆ ಕಿವಿಯ ಯಂತ್ರ ಎರಡನ್ನೂ ಕಿತ್ತು
ನನ್ನ ಅಂಗೈಗೆ ಹಾಕುತ್ತಾನೆ, ಹಲ್ಲಿನ ಸೆಟ್ಟು ಕೊಟ್ಟ ಹಾಗೆ.
ಮುಷ್ಟಿಯೊಳಗೆ ಅವು ಕುಂಯ್ ಅನ್ನುತ್ತವೆ,
ಕಣ್ಣು ಬಿಡದ ಮರಿಗಳ ಥರ.
ಅವನಿಗೆ ಹಾಡು ಕೇಳುವುದು ಅಂಗಾಲಿನಿಂದ,
ಸ್ಟೂಲಿನ ಮೂಲಕ, ಸೊಂಟದ ನೋವಿನ ಮೂಲಕ.

ಇದನ್ನೆಲ್ಲ ಹೊಗಳಿಕೆ ಅಂದುಕೊಳ್ಳಬೇಡಿ.
ಎಂಬತ್ತೊಂಬತ್ತರಲ್ಲಿ ಮನೆಬಾಡಿಗೆಯ ಹಣ ಎತ್ತಿ
ವ್ಯಾನಿಗೆ ಗೇರ್‌ಬಾಕ್ಸ್ ಹಾಕಿಸಿದ ಭೂಪ;
ಎರಡು ತಿಂಗಳು ಮಾತು ಬಿಟ್ಟಿದ್ದೆ.
ಟಕ್ಸನ್ನಿನಲ್ಲಿ ಒಮ್ಮೆ ಹದಿನೇಳು ಜನ,
ಅದರಲ್ಲಿ ನಾಲ್ವರು ಲೋಟ ತೊಳೆಯುವವರು.
ಒಂಬತ್ತು ಆಲ್ಬಮ್ಮಿನಲ್ಲಿ ನನ್ನ ಬಗ್ಗೆ ಒಂದು ಹಾಡೂ ಇಲ್ಲ.
ನಾಯಿಯ ಬಗ್ಗೆ ಎರಡಿವೆ.

ನಿನ್ನೆ ಡಬ್ಬಗಳು ಬಂದವು. ಮುನ್ನೂರು ತಟ್ಟೆ.
ತರಕಾರಿ ಚಾಕುವಿನಲ್ಲಿ ಟೇಪು ಸೀಳಿ
ಮೊದಲನೆಯದನ್ನು ನಾನೇ ಹಾಕಿಕೊಂಡೆ.
ಹನ್ನೊಂದು ಹಾಡು, ಮೂವತ್ತೊಂದು ನಿಮಿಷ,
ಹುರುಳಿಕಾಳು ಬೇಯುವುದಕ್ಕೂ ಸಾಲದು.
ಕೊನೆಯ ಹಾಡಿಗೆ ಲಾನಿ ಎಣಿಸುತ್ತಾನೆ:
ಒಂದು, ಎರಡು, ಮೂರು
ಅಲ್ಲಿ ಉಸಿರು ಸಿಕ್ಕಿಕೊಳ್ಳುತ್ತದೆ.
ದಿನಸಿ ಚೀಲ ಹಿಡಿದು ಗ್ಯಾರೇಜಿನ ಮೆಟ್ಟಿಲ ಮೇಲೆ
ನಿಲ್ಲುತ್ತಾನಲ್ಲ, ಯಾರೂ ನೋಡುತ್ತಿಲ್ಲವೆಂದು,
ಅದೇ ಜಾಗ.

ಕತ್ತರಿಸಿಬಿಡುತ್ತೇನೆ, ಅಂದಿದ್ದನಂತೆ ಕೋಲ್ಬಿ.
ಬೇಡ ಅಂದದ್ದು ರೊಸಾಲ್ವಾ ಅಲ್ಲ, ವೆಂಡೆಲ್ಲೂ ಅಲ್ಲ.
ಇವನೇ.
ಯಾಕೆ ಅಂತ ಹೇಳಲಿಲ್ಲವಂತೆ.

ಸೂಜಿ ಎತ್ತಿ ಮತ್ತೆ ಇಟ್ಟೆ. ಮತ್ತೆ.
ಮೂರು

ನಾಲ್ಕು ಬರುವಷ್ಟರಲ್ಲಿ
ಒಲೆಯ ಮೇಲೆ ಕಾಫಿ ಉಕ್ಕಿತು.

ಉಳಿದದ್ದು ಇನ್ನೂರ ತೊಂಬತ್ತೊಂಬತ್ತು.
ಒಂದಕ್ಕೆ ಇಪ್ಪತ್ತೆರಡು ಡಾಲರ್.
ಚಿಲ್ಲರೆ ತನ್ನಿ.