ಹೊಲಿಗೆ ಬಿಟ್ಟಿರಲಿಲ್ಲ

ನಿನ್ನೆ ದಿಲ್ಲಿಯಿಂದ ಫೋನು. ಎಳೆ ದನಿಯ ಆಫೀಸರು.
ನಮ್ಮ ಸ್ಕ್ವಾಡ್ರನ್ನಿನ ಚರಿತ್ರೆ ಬರೆಯುತ್ತಿದ್ದಾರಂತೆ,
ಹೆಲಿಕಾಪ್ಟರುಗಳೆಲ್ಲ ಗುಜರಿಗೆ ಹೋದ ಮೇಲೆ.
'ಸಾರ್ಜೆಂಟ್ ಎರ್ರಿಸ್ವಾಮಿ, ನೆನಪಿದ್ದದ್ದು ಹೇಳಿ.'
ರಾಯದುರ್ಗದ ಮಧ್ಯಾಹ್ನ. ಸುತ್ತ ಹನ್ನೆರಡು ಮಷೀನು ಓಡುತ್ತಿದ್ದವು,
ಬಳ್ಳಾರಿ ಸೇಟಿನ ಮುನ್ನೂರು ಜೀನ್ಸು
ಸಂಜೆಯೊಳಗೆ ಲಾರಿ ಹತ್ತಬೇಕು.
ಕೇಳಿಸಲಿಲ್ಲ ಅಂದೆ. ಕೇಳಿಸಿತ್ತು.

ಅವರ ಹತ್ತಿರ ತಾರೀಖುಗಳಿವೆ, ಹಾರಿದ ತಾಸಿನ ಲೆಕ್ಕವಿದೆ,
ಯಾವ ಹಿಮದ ಮೇಲೆ ಎಷ್ಟು ಮೂಟೆ ಅಕ್ಕಿ ಇಳಿಯಿತು,
ಯಾರ ಎದೆಗೆ ಯಾವ ಪದಕ.
ನಾನು ಹಾರಿಸಿದವನಲ್ಲ.
ಹಿಂದೆ ಕೂತು ಎರಡು ಸಲ ವಾಂತಿ ಮಾಡಿಕೊಂಡವನು.
ಹ್ಯಾಂಗರಿನ ಮೂಲೆಯ ಕೋಣೆ ನನ್ನದು:
ಪ್ಯಾರಾಚೂಟು, ಲೈಫ್ ಜಾಕೆಟ್ಟು, ಹಗ್ಗಕ್ಕೆ ಜೋತುಬೀಳುವವರ ಸೊಂಟದ ಪಟ್ಟಿ.
ಸಿಂಪಿಗರ ಹುಡುಗನಿಗೆ ಆಕಾಶದಲ್ಲೂ ಸೂಜಿಯೇ ಸಿಕ್ಕಿತೆಂದು
ಅಪ್ಪ ಬಜಾರೆಲ್ಲ ಹೇಳಿಕೊಂಡು ನಕ್ಕಿದ್ದ.

ಬೇಕಾದರೆ ಬರೆದುಕೊಳ್ಳಲಿ:
ಅಂಗುಲಕ್ಕೆ ಆರು ಹೊಲಿಗೆ, ಮೇಣ ತೀಡಿದ ನೈಲಾನು ದಾರ,
ತುದಿಗೆ ಒಂದು ಚೌಕ, ಚೌಕದೊಳಗೆ ಗುಣಾಕಾರದ ಗುರುತು.
ಪಟ್ಟಿಗೊಂದು ಚೀಟಿ. ಚೀಟಿಗೆ ನನ್ನ ರುಜು.
ತೋಳಿನ ಬಿಲ್ಲೆಯ ಹದ್ದನ್ನೂ ನಾನೇ ಹೊಲಿಯುತ್ತಿದ್ದೆ;
ಅದರಡಿಯ ಸಂಸ್ಕೃತದ ಅರ್ಥ ಸಿ.ಓ.ಗೂ ಗೊತ್ತಿರಲಿಲ್ಲ.
ಹದ್ದಿನ ಕಣ್ಣಿಗೆ ಕೆಂಪು ದಾರ ಹಾಕಿದ್ದು ಮಾತ್ರ
ಯಾರನ್ನೂ ಕೇಳದೆ.

ಆ ನೆರೆಯ ವರ್ಷ. ನದಿಯ ಹೆಸರು ಅವರ ಪುಸ್ತಕದಲ್ಲಿರುತ್ತದೆ.
ನಾಲ್ಕು ದಿನ ಪಟ್ಟಿಗಳು ಕೆಸರಾಗಿ ಬಂದವು. ತೊಳೆದೆ, ಒಣಹಾಕಿದೆ.
ಒಂದರಲ್ಲಿ ಮೇಕೆಯ ಕೂದಲು, ಒಂದರಲ್ಲಿ ಹಸಿರು ಬಳೆಯ ಚೂರು.
ಐದನೆಯ ದಿನ ಪೈಲಿಯ ಪಟ್ಟಿ ಬಂತು.
ಅರ್ಧ.

ಮುಳುಗಿದ ಚಾವಣಿಯ ಕಬ್ಬಿಣಕ್ಕೆ ಅವನ ಕಾಲು ಸಿಕ್ಕಿಕೊಂಡಿತ್ತಂತೆ.
ಮೇಲೆ ಒಳಗೆ ಹದಿನೇಳು ಜನ, ಎರಡು ಹಸುಗೂಸು,
ಯಂತ್ರ ಪಕ್ಕಕ್ಕೆ ವಾಲುತ್ತಿತ್ತಂತೆ.
ಆಮೇಲೆ ಹಗುರಾಯಿತಂತೆ.

ಭೂತಗನ್ನಡಿ ಹಿಡಿದು ನೋಡಿದೆ.
ಹರಿದ ಬಟ್ಟೆಗೆ ಎಳೆ ಎಳೆ ಮೀಸೆ ಬರುತ್ತದೆ.
ಇದು ನುಣ್ಣಗಿತ್ತು, ಸೌತೆಕಾಯಿ ಕೊಯ್ದ ಹಾಗೆ,
ಕೆಳಗಿನಿಂದ ಮೇಲಕ್ಕೆ, ಎಡಗೈ ಬೀಸು.
ಪೈಲಿ ಎಡಚ. ಚೌಕದ ಹೊಲಿಗೆ ಒಂದೂ ಬಿಟ್ಟಿರಲಿಲ್ಲ.

ತನಿಖೆಯ ದಿನ, ಒಳಗೆ ಕರೆಯುವ ಮೊದಲು,
ಅಡ್ಜುಟೆಂಟು ಸಿಗರೇಟು ಕೊಟ್ಟು ಮೆಲ್ಲಗೆ ಹೇಳಿದ:
ಪಟ್ಟಿ ಕಿತ್ತಿತೆಂದರೆ ಅವನ ಹೆಂಡತಿಗೆ ಪೂರ್ತಿ ಪೆನ್ಷನ್ನು.
ತಾನೇ ಕೊಯ್ದುಕೊಂಡನೆಂದರೆ ಪ್ರಶ್ನೆಗಳು.
ನಾನು ಸಿಗರೇಟು ಸೇದುವವನಲ್ಲ. ಸೇದಿದೆ.
'ಹೊಲಿಗೆ ಸೋತಿರಬಹುದು, ಸರ್.'
ಆಮೇಲೆ ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರು ಯಾವತ್ತೂ ಬರಲಿಲ್ಲ.

ಎಲೆಕ್ಷನ್ನಿಗೆ ಇಲ್ಲಿ ಹೆಲಿಕಾಪ್ಟರು ಇಳಿದಾಗ
ಊರಿಗೆ ಊರೇ ಕೋಟೆಗುಡ್ಡ ಹತ್ತಿತು.
ನಾನು ಶಟರೆಳೆದು ಕಾಜ ಹಾಕುತ್ತ ಕೂತೆ.

ಆ ಅರ್ಧ ಪಟ್ಟಿ ಅಂಗಡಿಯ ಮೊಳೆಯಲ್ಲಿದೆ.
ಹುಡುಗಿಯರು ಅದಕ್ಕೆ ಕತ್ತರಿ ಸಿಕ್ಕಿಸುತ್ತಾರೆ.
'ತಾತಾ, ದಾರಂ ಅಯಿಪೋಯಿಂದಿ' ಎಂದು ಕೂಗುತ್ತಾರೆ,
ಎದ್ದು ಹೊಸ ಉಂಡೆ ಕೊಡುತ್ತೇನೆ.

ಹೋದ ವರ್ಷ ಪೈಲಿಯ ಹೆಂಡತಿಯೂ ತೀರಿಕೊಂಡಳು.
ಪೆನ್ಷನ್ನು ಇನ್ನು ಯಾರಿಗೂ ಹೋಗುವುದಿಲ್ಲ.
ಆಫೀಸರು ಮತ್ತೆ ಫೋನು ಮಾಡುತ್ತಾನಂತೆ, ಏಳರ ಮೇಲೆ.
ಲಾರಿ ಹೋಗಿರುತ್ತದೆ. ಮಷೀನು ನಿಂತಿರುತ್ತವೆ.
ಕೇಳಿಸಲಿಲ್ಲ ಅನ್ನಲಿಕ್ಕಾಗುವುದಿಲ್ಲ.